ಮೂರು ಅಡಿ ವೇದಿಕೆಗೆ ಮೂವತ್ತಾರು ಅಡಿ ಇಳಿಜಾರು

ಡಿಸೆಂಬರ್ 3 ಬಂತೆಂದರೆ ವಿಶ್ವವಿದ್ಯಾಲಯಗಳಲ್ಲಿ ವಿಕಲಚೇತನರ ದಿನಾಚರಣೆಯ ಬ್ಯಾನರ್ ಏರುತ್ತದೆ. 1992ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ ದಿನ ಅದು. ದೀಪ ಬೆಳಗುತ್ತಾರೆ, ಒಬ್ಬಿಬ್ಬರು ವಿದ್ಯಾರ್ಥಿಗಳಿಗೆ ಶಾಲು ಹೊದಿಸುತ್ತಾರೆ, ಅವರ ಛಲವನ್ನು ಹೊಗಳುತ್ತಾರೆ. ಆ ವಿದ್ಯಾರ್ಥಿಗಳಿಗಾದರೋ ಯುವಜನೋತ್ಸವದಲ್ಲಿ ಹಾಡಬೇಕು, ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಬೇಕು, ರಾಜ್ಯೋತ್ಸವದ ದಿನ ಗೆಳೆಯರ ಜೊತೆ ಮುಂದಿನ ಸಾಲಿನಲ್ಲಿ ಕೂರಬೇಕು ಎಂಬ ಆಸೆ. ವರ್ಷವಿಡೀ ನಡೆಯುವ ಈ ಕಾರ್ಯಕ್ರಮಗಳು ಅವರಿಗೆ ತೆರೆದಿವೆಯೇ ಎಂಬುದೇ ನಿಜವಾದ ಪರೀಕ್ಷೆ. ತೆರೆಯುವ ಕೆಲಸ ಕಷ್ಟದ್ದೇನಲ್ಲ, ಆದರೆ ಹಿಂದಿನ ಸಂಜೆ ಶುರು ಮಾಡಿದರೆ ಆಗುವುದಿಲ್ಲ.

ಮೊದಲು ಕಾನೂನಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳೇ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಇರುವವರಿಗೆ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡಬೇಕು ಎಂಬುದು ಬಹಳ ಜನಕ್ಕೆ ಗೊತ್ತು. ಅದೇ ಕಾಯ್ದೆಯ 16ನೇ ಸೆಕ್ಷನ್ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಪಾಠದಲ್ಲಷ್ಟೇ ಅಲ್ಲದೆ ಕ್ರೀಡೆ, ಮನರಂಜನೆಗಳಲ್ಲೂ ಇತರರಿಗೆ ಸಮನಾದ ಅವಕಾಶ ಕೊಡಬೇಕು, ಕಟ್ಟಡ ಮತ್ತು ಆವರಣ ಅವರು ಬಳಸುವಂತಿರಬೇಕು ಎಂದು ಅದು ಹೇಳುತ್ತದೆ. ಒಬ್ಬ ವಿದ್ಯಾರ್ಥಿಗೆ ಬೇಕಾದ ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸಿದರೆ ಅದೂ ತಾರತಮ್ಯವೇ. ಹೀಗಾಗಿ ರ‍್ಯಾಂಪ್ ಕೇಳುವ ವಿದ್ಯಾರ್ಥಿ ಯಾರ ಔದಾರ್ಯವನ್ನೂ ಬೇಡುತ್ತಿಲ್ಲ.

ಈಗ ಸಭಾಂಗಣ. ನಮ್ಮ ಕಾಲೇಜುಗಳ ವೇದಿಕೆ ಸಾಮಾನ್ಯವಾಗಿ ಮೂರು ಅಡಿ ಎತ್ತರ ಇರುತ್ತದೆ. ಗಾಲಿಕುರ್ಚಿ ಸುರಕ್ಷಿತವಾಗಿ ಏರಲು ಇಳಿಜಾರಿನ ಪ್ರಮಾಣ 1:12 ಇರಬೇಕು, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೂರು ಅಡಿಗೆ ಮೂವತ್ತಾರು ಅಡಿ ಬೇಕು. ಶಾಮಿಯಾನದವರು ಕೊನೆಗಳಿಗೆಯಲ್ಲಿ ತಂದು ಒರಗಿಸುವ ಎಂಟು ಅಡಿ ಹಲಗೆ ರ‍್ಯಾಂಪ್ ಅಲ್ಲ, ಅಪಾಯ. ಅದು ಬೇಡವೆಂದು ನಾಲ್ವರು ಸ್ವಯಂಸೇವಕರು ಕುರ್ಚಿ ಸಮೇತ ಹುಡುಗಿಯೊಬ್ಬಳನ್ನು ಎತ್ತಿ ವೇದಿಕೆಗೆ ಇಡುವುದುಂಟು. ಸಭೆ ಚಪ್ಪಾಳೆ ತಟ್ಟುತ್ತದೆ. ಎಲ್ಲರೆದುರು ಸಾಮಾನಿನಂತೆ ಎತ್ತಿಸಿಕೊಂಡ ಸಂಕಟ ಅವಳದು. ಜಾಗವಿಲ್ಲದಿದ್ದರೆ ಇನ್ನೂ ಸರಳವಾದ ದಾರಿಯಿದೆ: ಬಹುಮಾನ ವಿತರಣೆಯನ್ನು ಎಲ್ಲರಿಗೂ ನೆಲದ ಮೇಲೆಯೇ ಇಟ್ಟುಕೊಳ್ಳಿ. ಗಣ್ಯರೇ ಕೆಳಗಿಳಿದು ಬರಲಿ, ಅದರಿಂದ ಸಮಾರಂಭದ ಘನತೆ ಕುಂದುವುದಿಲ್ಲ.

ಸಭಾಂಗಣ ಕಾದಿರಿಸುವ ಮುನ್ನ ಗಾಲಿಕುರ್ಚಿ ಬಳಸುವ ವಿದ್ಯಾರ್ಥಿಯೊಬ್ಬರ ಜೊತೆ ಗೇಟಿನಿಂದ ಶೌಚಾಲಯದವರೆಗೆ ಒಮ್ಮೆ ಹೋಗಿಬನ್ನಿ. ಬಾಗಿಲ ಹೊಸ್ತಿಲು, ಜಲ್ಲಿ ಹರಡಿದ ದಾರಿ, ಕೆಟ್ಟ ಲಿಫ್ಟು ಎಲ್ಲವೂ ಅವರ ಜೊತೆ ಹೋದಾಗಲೇ ಕಾಣುವುದು. ವಿಕಲಚೇತನರ ಶೌಚಾಲಯಕ್ಕೆ ಬೀಗ ಬಿದ್ದಿರುವುದು, ಒಳಗೆ ಪೊರಕೆ, ಬಕೆಟ್ಟು ತುಂಬಿರುವುದು ಅಪರೂಪವಲ್ಲ. ಬೀಗದ ಕೈ ಯಾರ ಹತ್ತಿರ ಇದೆಯೆಂದು ಅಂದೇ ಕೇಳಿಡಿ.

ಆಹ್ವಾನ ಪತ್ರಿಕೆಯಲ್ಲಿ ಇನ್ನೊಂದು ತೊಡಕು. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಬಣ್ಣದ ಆಹ್ವಾನ ಪತ್ರಿಕೆ ಬರೀ ಚಿತ್ರ. ದೃಷ್ಟಿದೋಷವುಳ್ಳ ವಿದ್ಯಾರ್ಥಿಯ ಫೋನಿನ ಟಾಕ್‌ಬ್ಯಾಕ್ ಆಗಲಿ, ಕಂಪ್ಯೂಟರಿನ ಉಚಿತ ತಂತ್ರಾಂಶ ಎನ್‌ವಿಡಿಎ ಆಗಲಿ ಅದರೊಳಗಿನ ಅಕ್ಷರಗಳನ್ನು ಪಠ್ಯದಂತೆ ಓದಲಾರದು. ಕಚೇರಿಯಿಂದ ಬರುವ ಸುತ್ತೋಲೆ ಹಳೆಯ ನುಡಿ ಫಾಂಟಿನಲ್ಲಿದ್ದರೆ ಪಾಡು ಇನ್ನೂ ಕೆಟ್ಟದು. ತೆರೆಯ ಮೇಲೆ ಕನ್ನಡ ಕಾಣುತ್ತದೆ, ಹಿಂದೆ ಇರುವುದು ಇಂಗ್ಲಿಷ್ ಕೀಲಿಗಳ ಸಂಕೇತ. ಅದನ್ನು ಓದಲು ಹೊರಟ ತಂತ್ರಾಂಶ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಪರಿಹಾರಕ್ಕೆ ಕಾಸೂ ಖರ್ಚಿಲ್ಲ: ದಿನ, ಹೊತ್ತು, ಜಾಗ, ಸಂಪರ್ಕ ಸಂಖ್ಯೆ ಇಷ್ಟನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ ಚಿತ್ರದ ಕೆಳಗೆ ಕಳಿಸಿದರೆ ಸಾಕು.

ನೋಂದಣಿ ಅರ್ಜಿಯಲ್ಲಿ ಒಂದು ಪ್ರಶ್ನೆ ಸೇರಿಸಿ: ‘ಭಾಗವಹಿಸಲು ನಿಮಗೆ ಏನಾದರೂ ಏರ್ಪಾಡು ಬೇಕೇ?’ ಯಾವ ದಿನದೊಳಗೆ ತಿಳಿಸಬೇಕು, ಯಾರಿಗೆ ತಿಳಿಸಬೇಕು ಎಂಬುದೂ ಅಲ್ಲೇ ಇರಲಿ. ಪ್ರಮಾಣಪತ್ರ ಕೇಳಬೇಡಿ. ಶೇ 40 ಎಂಬ ಗೆರೆ ಇರುವುದು ಸೀಟಿನ ಮೀಸಲಾತಿಯಂಥ ಸೌಲಭ್ಯಗಳಿಗೆ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕೊಡಲು ಅದು ಬೇಕಾಗಿಲ್ಲ.

ಶ್ರವಣದೋಷವುಳ್ಳವರ ವಿಷಯದಲ್ಲಿ ಸಂಘಟಕರು ಹೆಚ್ಚು ಎಡವುವುದು ಹಣದ ಲೆಕ್ಕದಲ್ಲಿ. ಭಾರತೀಯ ಸಂಜ್ಞಾ ಭಾಷೆ ಬಲ್ಲ ದುಭಾಷಿ ಬೇಕು, ಗಂಟೆಗಟ್ಟಲೆ ನಡೆಯುವ ಸಭೆಗೆ ಇಬ್ಬರು ಬೇಕು. ಇಪ್ಪತ್ತು ಮೂವತ್ತು ನಿಮಿಷ ಎಡೆಬಿಡದೆ ಕೈ ಆಡಿಸಿ ಅನುವಾದಿಸಿದವರ ಮನಸ್ಸು ದಣಿಯುತ್ತದೆ, ಅರ್ಥ ತಪ್ಪತೊಡಗುತ್ತದೆ. ಆದ್ದರಿಂದ ಸರದಿಯ ಮೇಲೆ ಕೆಲಸ ಮಾಡುತ್ತಾರೆ. ಅವರ ಸಂಭಾವನೆ ಮೊದಲ ಅಂದಾಜುಪಟ್ಟಿಯಲ್ಲೇ, ಹೂವು, ಶಾಲು, ಊಟದ ಬಾಬ್ತಿನ ಪಕ್ಕದಲ್ಲೇ ಇರಬೇಕು. ಕಡತ ಕುಲಸಚಿವರ ಮೇಜು ದಾಟಿದ ಮೇಲೆ ಹೊಸ ಬಾಬ್ತು ಸೇರಿಸುವುದು ಎಷ್ಟು ಕಷ್ಟವೆಂದು ಒಳಗಿನವರಿಗೆ ಗೊತ್ತು. ಭಾಷಣ, ಹಾಡಿನ ಸಾಹಿತ್ಯ, ಬರುವ ಹೆಸರುಗಳನ್ನು ದುಭಾಷಿಗಳಿಗೆ ಮೊದಲೇ ಕೊಡಿ. ಅವರು ಭಾಷಣಕಾರರ ಪಕ್ಕ ಬೆಳಕಿನಲ್ಲಿ ನಿಲ್ಲಬೇಕು. ನೃತ್ಯಕ್ಕೆಂದು ದೀಪ ಆರಿಸಿದಾಗಲೂ ಅವರ ಮೇಲೊಂದು ದೀಪ ಉಳಿಯಬೇಕು. ಮುಂದಿನ ಸೋಫಾಗಳೆಲ್ಲ ಗಣ್ಯರಿಗೇ ಹೋದರೆ ಈ ಏರ್ಪಾಡು ಬೇಕಾದವರಿಗೇ ಕಾಣದೆ ವ್ಯರ್ಥವಾಗುತ್ತದೆ. ಫೋನಿನಲ್ಲಿ ಮಾತನ್ನು ಅಕ್ಷರಕ್ಕಿಳಿಸುವ ಆ್ಯಪ್‌ಗಳು ಕನ್ನಡಕ್ಕೂ ಇವೆ. ಮೈಕ್ ಚೆನ್ನಾಗಿದ್ದರೆ ಒಂದಿಷ್ಟು ನೆರವಾಗುತ್ತವೆ, ದುಭಾಷಿಯ ಬದಲಿಗೆ ಅಲ್ಲ.

ನಿರೂಪಕರಿಗೂ ಎರಡು ಮಾತು. ನಾಡಗೀತೆಗೆ ಎಲ್ಲರೂ ಎದ್ದು ನಿಲ್ಲಿ ಎನ್ನುವಾಗ ‘ಸಾಧ್ಯವಿರುವವರು’ ಎಂದು ಸೇರಿಸಿ. ಪರದೆಯ ಮೇಲೆ ಚಿತ್ರ ಬಂದಾಗ ಏನಿದೆಯೆಂದು ಬಾಯಲ್ಲೂ ಹೇಳಿ.

ಇದೇ ಕಣ್ಣಿನಿಂದ ನೋಡಿದರೆ ಹೊರಗುಳಿಯುವ ಇತರರೂ ಕಾಣುತ್ತಾರೆ. ರಾತ್ರಿ ಎಂಟಕ್ಕೆ ಮುಗಿಯುವ ಕಾರ್ಯಕ್ರಮ ಕೊನೆಯ ಬಸ್ಸು ಹಿಡಿಯಬೇಕಾದ ಹಳ್ಳಿಯ ಹುಡುಗಿಗೆ ದಕ್ಕದು. ಪೂರ್ತಿ ಇಂಗ್ಲಿಷಿನಲ್ಲೇ ನಡೆಯುವ ಸಂವಾದದಲ್ಲಿ ಕನ್ನಡ ಮಾಧ್ಯಮದಿಂದ ಬಂದವನು ಪ್ರಶ್ನೆ ನುಂಗಿಕೊಂಡು ಕೂರುತ್ತಾನೆ. ಪ್ರಶ್ನೆಯನ್ನು ಕನ್ನಡದಲ್ಲೂ ಕೇಳಬಹುದೆಂದು ಆರಂಭದಲ್ಲೇ ಹೇಳಿದರೆ ಕೈಗಳು ಮೇಲೇಳುತ್ತವೆ.

ಇಷ್ಟನ್ನೂ ಸಂಘಟಕರು ತಾವೇ ಊಹಿಸಿ ಮಾಡಬೇಕಾಗಿಲ್ಲ. ವಿಶ್ವವಿದ್ಯಾಲಯದಲ್ಲಿ ಸಮಾನ ಅವಕಾಶ ಕೋಶ ಇದ್ದರೆ ಅದರವರನ್ನು, ಅದಕ್ಕೂ ಮೊದಲು ವಿಕಲಚೇತನ ವಿದ್ಯಾರ್ಥಿಗಳನ್ನು ಸಂಘಟನಾ ಸಮಿತಿಗೇ ಸೇರಿಸಿಕೊಳ್ಳಿ. ಅವರನ್ನು ಸ್ಫೂರ್ತಿಯ ಕಥೆ ಹೇಳಲು ಮಾತ್ರ ಕರೆಯುವ ಪದ್ಧತಿ ನಿಲ್ಲಬೇಕು. ಮುಂದಿನ ಕಾರ್ಯಕ್ರಮದ ಮೊದಲ ಸಭೆ ಇನ್ನೂ ನಡೆದಿಲ್ಲವಾದರೆ, ಅವರಲ್ಲೊಬ್ಬರಿಗೆ ಇವತ್ತೇ ಫೋನ್ ಮಾಡಿ. ಕೇಳಿಯೂ ಏರ್ಪಾಡು ಸಿಗದ ವಿದ್ಯಾರ್ಥಿಗಳು ಕಾಯ್ದೆಯಡಿ ನೇಮಕವಾಗಿರುವ ರಾಜ್ಯ ಆಯುಕ್ತರಿಗೆ ನೇರವಾಗಿ ದೂರು ಕೊಡಬಹುದು.