ಕುದಿನೀರು, ಮಂಜುಗಡ್ಡೆ ಮತ್ತು ಒಂದು ಭಾಗಾಕಾರ

ಇಸ್ತ್ರಿಪೆಟ್ಟಿಗೆಯ ಮೈಮೇಲಿನ ಪಟ್ಟಿಯಲ್ಲಿ ‘230 ವೋಲ್ಟ್, 1000 ವಾಟ್’ ಎಂದಿರುತ್ತದೆ. ಸಾವಿರವನ್ನು 230ರಿಂದ ಭಾಗಿಸಿದರೆ ಒಳಗೆ ಹರಿಯುವ ಕರೆಂಟು ಗೊತ್ತಾಗುತ್ತದೆ: ಸುಮಾರು 4.35 ಆಂಪಿಯರ್. ಆ 4.35ರಿಂದ 230ನ್ನು ಭಾಗಿಸಿದರೆ ಕಾಯಿಲ್‌ನ ರೋಧ ಸಿಗುತ್ತದೆ: 53 ಓಮ್. ಹತ್ತನೇ ತರಗತಿಯ ಮಕ್ಕಳು ಅರ್ಧ ನಿಮಿಷದಲ್ಲಿ ಮುಗಿಸುವ ಈ ಲೆಕ್ಕ ಕೈಗೆ ಸಿಗಬೇಕಾದರೆ ಒಬ್ಬ ಮೇಷ್ಟರು ತಾವೇ ಅಚ್ಚು ಹಾಕಿಸಿದ್ದ ಸೂತ್ರವನ್ನು ಕೈಬಿಡಬೇಕಾಯಿತು.

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರಲ್ಲಿ, ಜರ್ಮನಿಯ ಎರ್ಲಾಂಗೆನ್‌ನಲ್ಲಿ. ತಂದೆ ಬೀಗ ತಯಾರಿಸುವ ಕಸುಬಿನವರು. ಸ್ವಂತ ಓದಿನಿಂದ ಕಲಿತ ಗಣಿತವನ್ನು ಮಗನಿಗೂ ಕಲಿಸಿದವರು. 1817ರಲ್ಲಿ ಓಮ್ ಕಲೋನ್ ನಗರದ ಶಾಲೆಯೊಂದಕ್ಕೆ ಮೇಷ್ಟರಾಗಿ ಸೇರಿದರು. ತಂತಿ ಉದ್ದವಾದಂತೆ ಕರೆಂಟು ಎಷ್ಟು ಇಳಿಯುತ್ತದೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಆದರೆ ಆಗಿನ ಬ್ಯಾಟರಿಗೆ ಸ್ಥಿರತೆಯೇ ಇರಲಿಲ್ಲ. ತಂತಿ ಜೋಡಿಸಿದ ಕ್ಷಣ ಕರೆಂಟು ಜಿಗಿದು, ನೋಡನೋಡುತ್ತಲೇ ಕುಗ್ಗುತ್ತಿತ್ತು. ಇಂಥ ಅಳತೆಗಳನ್ನು ನಂಬಿ 1825ರಲ್ಲಿ ಅವರು ಪ್ರಕಟಿಸಿದ ಸೂತ್ರ ತಪ್ಪಾಗಿತ್ತು.

ವಿಜ್ಞಾನ ಪತ್ರಿಕೆಯೊಂದರ ಸಂಪಾದಕ ಪೊಗೆನ್‌ಡಾರ್ಫ್ ಒಂದು ಸಲಹೆ ಕೊಟ್ಟರು: ಬ್ಯಾಟರಿ ಬಿಟ್ಟು, ಸೀಬೆಕ್ ಎಂಬ ವಿಜ್ಞಾನಿ ಕೆಲವೇ ವರ್ಷಗಳ ಹಿಂದೆ ತೋರಿಸಿದ್ದ, ಎರಡು ಲೋಹಗಳ ಬೆಸುಗೆಗಳ ಬಿಸಿಯ ವ್ಯತ್ಯಾಸದಿಂದ ಹುಟ್ಟುವ ಉಷ್ಣವಿದ್ಯುತ್ತನ್ನು ಬಳಸಿ.

ಓಮ್ ಬಿಸ್ಮತ್ ಮತ್ತು ತಾಮ್ರದ ತುಂಡುಗಳನ್ನು ಬೆಸೆದರು. ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲಿ ಇಟ್ಟರು. ಕುದಿನೀರಿನ ಬಿಸಿಯೂ ಮಂಜಿನ ತಂಪೂ ಕದಲುವುದಿಲ್ಲವಾದ್ದರಿಂದ ಕರೆಂಟನ್ನು ತಳ್ಳುವ ಬಲವೂ ಕದಲಲಿಲ್ಲ. ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಸರದಿಯಲ್ಲಿ ಸಿಕ್ಕಿಸಿದರು. ಪಕ್ಕದಲ್ಲೇ ಎಳೆಯೊಂದರಿಂದ ಕಾಂತಸೂಜಿ ತೂಗುತ್ತಿತ್ತು. ಕರೆಂಟು ಹರಿದಾಗ ಸೂಜಿ ವಾಲುತ್ತಿತ್ತು. ಅದನ್ನು ಮೊದಲಿನ ಜಾಗಕ್ಕೆ ತರಲು ಎಳೆಯನ್ನು ಎಷ್ಟು ತಿರುಚಬೇಕೋ ಅದೇ ಕರೆಂಟಿನ ಅಳತೆ.

ಈ ಸಲ ಅಂಕಿಗಳು ಒಂದಕ್ಕೊಂದು ಹೊಂದಿಕೊಂಡವು: ತಳ್ಳುವ ಬಲವನ್ನು ಮಂಡಲದ ಒಟ್ಟು ರೋಧದಿಂದ ಭಾಗಿಸಿದರೆ ಕರೆಂಟು. 1827ರಲ್ಲಿ ಇದು ಪುಸ್ತಕವಾದಾಗ ಸ್ವದೇಶದಲ್ಲಿ ಮನ್ನಣೆ ಸಿಗಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜೇಮ್ಸ್ ಜೂಲ್ ಎಂಬ ತರುಣ ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಥರ್ಮಾಮೀಟರ್ ಹಿಡಿದು ಕೂತಿದ್ದರು. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತಿತ್ತು. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ ಬಿಸಿಯಾಗಿ ಹೋಗುವ ಸಾಮರ್ಥ್ಯ ಸಿಗುತ್ತದೆ. ಓಮ್ ನಿಯಮದೊಂದಿಗೆ ಸೇರಿಸಿದಾಗ ಅದೇ ‘ವೋಲ್ಟ್ ಗುಣಿಲೆ ಆಂಪಿಯರ್’. 1881ರ ಪ್ಯಾರಿಸ್ ಸಮ್ಮೇಳನ ವೋಲ್ಟ್, ಓಮ್, ಆಂಪಿಯರ್ ಹೆಸರುಗಳನ್ನು ಒಪ್ಪಿತು. ಮರುವರ್ಷ ಎಂಜಿನಿಯರ್ ವಿಲಿಯಂ ಸೀಮೆನ್ಸ್ ಸಾಮರ್ಥ್ಯದ ಅಳತೆಗೆ ‘ವಾಟ್’ ಎಂಬ ಹೆಸರು ಸೂಚಿಸಿದರು.

ಜೂಲ್ ಕಂಡ ಆ ವರ್ಗದ ಲೆಕ್ಕವೇ ದೂರದೂರಿಗೆ ಕರೆಂಟು ಒಯ್ಯುವ ದಾರಿ ತೋರಿಸಿತು. 10 ಓಮ್ ರೋಧದ ತಂತಿಯಲ್ಲಿ ನೂರು ಕಿಲೋವಾಟ್ ಕಳಿಸಬೇಕು ಎನ್ನಿ. ಸಾವಿರ ವೋಲ್ಟಿನಲ್ಲಿ ಕಳಿಸಹೊರಟರೆ ನೂರು ಆಂಪಿಯರ್ ಹರಿಯಬೇಕು. ನೂರಕ್ಕೆ ನೂರೂ ತಂತಿಯಲ್ಲೇ ಬಿಸಿಯಾಗಿ ಮುಗಿಯುತ್ತದೆ. ಹತ್ತು ಸಾವಿರ ವೋಲ್ಟಾದರೆ ಹತ್ತೇ ಆಂಪಿಯರ್, ನಷ್ಟ ಬರೀ ಒಂದು ಕಿಲೋವಾಟ್. 1902ರಲ್ಲಿ ಕಾವೇರಿ ನದಿಯ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹತ್ತಾರು ಸಾವಿರ ವೋಲ್ಟಿನಲ್ಲಿ ಹೊರಟದ್ದು ಇದೇ ಕಾರಣಕ್ಕೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳೂ ಅದೇ ಕಾವೇರಿಯ ಕರೆಂಟಿನಿಂದ ಬೆಳಗಿದವು.