ತಲೆಯ ಮೇಲೆ ನದಿಯುಳ್ಳ ನಗರ : ಕೈಫೆಂಗ್

ನದಿಯ ದಡದಲ್ಲಿ ಪಟ್ಟಣವಿರುವುದು ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಪಟ್ಟಣದ ನೆಲಕ್ಕಿಂತಲೂ ನದಿಯ ತಳವೇ ಎತ್ತರವಾಗಿರುವುದು ಅಪೂರ್ವ. ಚೀನಾ ದೇಶದ ಹೆನಾನ್ ಪ್ರಾಂತ್ಯದ ಪೂರ್ವಭಾಗದಲ್ಲಿರುವ ಕೈಫೆಂಗ್ ನಗರದ ಸ್ಥಿತಿಯು ಇಂಥದು. ನಗರಕ್ಕೆ ಉತ್ತರದಲ್ಲಿ ಸುಮಾರು ಆರು ಮೈಲಿಗಳ ದೂರದಲ್ಲಿ ಹಳದಿ ನದಿಯು ಹರಿಯುತ್ತದೆ. ಲಿಯುಯುವಾನ್‌ಕೌ ಎಂಬ ಹಳೆಯ ಕಡವಿನ ಬಳಿ ಅದರ ಪಾತ್ರವು ನಗರದ ಬೀದಿಗಳಿಗಿಂತ ಇಪ್ಪತ್ತು ಅಡಿಗೂ ಮಿಗಿಲಾದ ಎತ್ತರದಲ್ಲಿದೆ. ಅಲ್ಲಿಯ ಏರಿಯ ಮೇಲೆ ನಿಂತವನಿಗೆ ಒಂದು ಮಗ್ಗುಲಲ್ಲಿ ಕೆಸರುಬಣ್ಣದ ವಿಶಾಲವಾದ ಜಲರಾಶಿಯೂ, ಇನ್ನೊಂದು ಮಗ್ಗುಲಲ್ಲಿ ಅದಕ್ಕಿಂತ ತೀರ ತಗ್ಗಿನಲ್ಲಿ ಹೊಲಗಳೂ ಹಳ್ಳಿಗಳೂ ಕಾಣುತ್ತವೆ. ಇವೆರಡರ ನಡುವೆ ಇರುವುದು ಏರಿಯೊಂದೇ.

ಇದಕ್ಕೆ ಕಾರಣವು ಮಣ್ಣು. ಸುಮಾರು 3,400 ಮೈಲಿ ಉದ್ದವಾದ ಈ ನದಿಯು ಸಮುದ್ರವನ್ನು ಸೇರುವುದಕ್ಕೆ ಮೊದಲು ಹಿಟ್ಟಿನಂತೆ ನುಣ್ಣಗಿರುವ ಹಳದಿ ಮಣ್ಣಿನ ಪ್ರಸ್ಥಭೂಮಿಯನ್ನು ಕೊರೆದುಕೊಂಡು ಬರುತ್ತದೆ. ಹಿಂದೆ ವರ್ಷವೊಂದಕ್ಕೆ ಸುಮಾರು 160 ಕೋಟಿ ಟನ್ನು ಮಣ್ಣನ್ನು ಅದು ಹೊತ್ತು ತರುತ್ತಿತ್ತೆಂದು ಲೆಕ್ಕ ಹಾಕಿರುವರು. ಬೆಟ್ಟಗಳನ್ನು ಬಿಟ್ಟು ಬಯಲಿಗೆ ಇಳಿದೊಡನೆ ಪ್ರವಾಹದ ವೇಗವು ಕುಂದುವುದರಿಂದ ಆ ಮಣ್ಣು ತಳದಲ್ಲಿ ಕೂರುತ್ತದೆ. ತಳವು ಏರಿದಂತೆಲ್ಲ ಜನರು ದಡವನ್ನು ಏರಿಸುವರು. ದಡವನ್ನು ಏರಿಸಿದಂತೆಲ್ಲ ಮಣ್ಣು ಅದರೊಳಗೇ ತುಂಬುವುದು. ಸಾಲವನ್ನು ತೀರಿಸಲು ಸಾಲವನ್ನೇ ಮಾಡುವ ಗೃಹಸ್ಥನ ಪಾಡಿನಂತೆ ಈ ಕೆಲಸವು ಶತಮಾನಗಳಿಂದ ನಡೆದುಬಂದಿದೆ.

ಇಷ್ಟು ಅಪಾಯವಿರುವಲ್ಲಿ ನಗರವನ್ನು ಕಟ್ಟಿದ್ದೇಕೆ ಎಂದು ವಾಚಕರು ಕೇಳಬಹುದು. ನದಿಯು ಭಯವನ್ನು ತಂದಂತೆಯೇ ಭಾಗ್ಯವನ್ನೂ ತಂದಿತು. ಈ ಬಯಲಿನ ನಡುವೆ ಬಿಯಾನ್ ಕಾಲುವೆಯು ಹಾದುಹೋಗುತ್ತಿದ್ದು, ದಕ್ಷಿಣದ ಅಕ್ಕಿಯು ದೋಣಿಗಳಲ್ಲಿ ಇಲ್ಲಿಗೆ ಬರುತ್ತಿತ್ತು. 960 ರಿಂದ 1127 ರವರೆಗೆ ಸುಂಗ್ ವಂಶದ ಚಕ್ರವರ್ತಿಗಳು ಇದನ್ನೇ ರಾಜಧಾನಿಯನ್ನಾಗಿ ಮಾಡಿಕೊಂಡಿದ್ದರು. ಆಗಿನ ಪ್ರಪಂಚದ ದೊಡ್ಡ ನಗರಗಳಲ್ಲಿ ಇದೂ ಒಂದಾಗಿತ್ತು. ಚಾಂಗ್ ತ್ಸೆತುವಾನ್ ಎಂಬ ಚಿತ್ರಕಾರನು ಇಲ್ಲಿಯ ಸೇತುವೆ, ಅಂಗಡಿ, ದೋಣಿ, ಪಲ್ಲಕ್ಕಿ, ಬಡಗಿ, ಬೈರಾಗಿಗಳನ್ನೆಲ್ಲ ಹದಿನೇಳು ಅಡಿ ಉದ್ದದ ರೇಷ್ಮೆಯ ಸುರುಳಿಯೊಂದರಲ್ಲಿ ಬರೆದಿಟ್ಟಿರುವನೆಂದು ನಂಬಲಾಗಿದೆ. ಅದು ಈಗ ಬೀಜಿಂಗಿನ ಅರಮನೆಯ ವಸ್ತುಸಂಗ್ರಹಾಲಯದಲ್ಲಿದೆ. 1127 ರಲ್ಲಿ ಉತ್ತರದ ಜುರ್ಚೆನ್ನರು ನಗರವನ್ನು ಹಿಡಿದು, ಚಕ್ರವರ್ತಿಯನ್ನೂ ಸಿಂಹಾಸನವನ್ನು ಬಿಟ್ಟುಕೊಟ್ಟಿದ್ದ ಆತನ ತಂದೆಯನ್ನೂ ಸೆರೆಯಾಗಿ ಒಯ್ದರು.

ಆ ಕಾಲದ ಆಡಳಿತದ ಗುರುತೊಂದು ಇಂದಿಗೂ ಉಳಿದಿದೆ. 960 ರಿಂದ 1105 ರವರೆಗೆ ಕೈಫೆಂಗಿನ ಅಧಿಪತಿಗಳಾಗಿದ್ದ 183 ಮಂದಿಯ ಹೆಸರುಗಳನ್ನು ಕೆತ್ತಿದ ಶಿಲೆಯೊಂದನ್ನು ನಗರದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವರು. ಅದರಲ್ಲಿ ಒಂದು ಹೆಸರು ಮಾತ್ರ ಓದಲು ಬಾರದಷ್ಟು ಸವೆದುಹೋಗಿದೆ. ಅದು ಹನ್ನೊಂದನೆಯ ಶತಮಾನದ ಬಾವ್ ಚೆಂಗನದು. ಧನಿಕರಿಗೂ ರಾಜಬಂಧುಗಳಿಗೂ ಮುಖ ನೋಡದೆ ನ್ಯಾಯವನ್ನು ಕೊಟ್ಟವನೆಂದು ಚೀನೀಯರು ಈತನನ್ನು ಈಗಲೂ ನಾಟಕಗಳಲ್ಲಿ ಕಪ್ಪು ಮುಖದ ವೇಷದಿಂದ ಮೆರೆಸುವರು. ನೋಡಬಂದವರೆಲ್ಲರೂ ‘ಈತನ ಹೆಸರೆಲ್ಲಿ?’ ಎಂದು ಬೆರಳಿಟ್ಟು ತೋರಿಸಿ ತೋರಿಸಿ ಕಲ್ಲೇ ಗುಳಿಬಿದ್ದಿತಂತೆ. ಉಳಿದ 182 ಮಂದಿಯ ಹೆಸರುಗಳನ್ನು ಮುಟ್ಟುವ ಗೋಜಿಗೆ ಜನರು ಹೋದಂತೆ ಕಾಣುವುದಿಲ್ಲ!

ನಮ್ಮ ದೇಶದ ಹೆಸರೂ ಕೈಫೆಂಗಿನ ಒಂದು ಕಲ್ಲಿನಲ್ಲಿ ಇದೆಯೆಂಬುದನ್ನು ಇಲ್ಲಿಯೇ ಹೇಳಬಹುದು. ಇಲ್ಲಿ ಬಹುಕಾಲದಿಂದ ನೆಲಸಿದ್ದ ಯೆಹೂದ್ಯರ ಒಂದು ಸಣ್ಣ ಸಮಾಜವು 1163 ರಲ್ಲಿ ತನ್ನ ಪ್ರಾರ್ಥನಾಮಂದಿರವನ್ನು ಕಟ್ಟಿಕೊಂಡಿತು. ಆ ಜನರು 1489 ರಲ್ಲಿ ನಿಲ್ಲಿಸಿದ ಶಾಸನದಲ್ಲಿ, ತಮ್ಮ ಹಿರಿಯರು ತಿಯೆನ್‌ಚು ದೇಶದಿಂದ ಬಂದು ಚಕ್ರವರ್ತಿಗೆ ಪಶ್ಚಿಮದ ಬಟ್ಟೆಯನ್ನು ಕಾಣಿಕೆಯಾಗಿ ಒಪ್ಪಿಸಿದರೆಂದು ಬರೆಸಿರುವರು. ತಿಯೆನ್‌ಚು ಎಂಬುದು ಚೀನೀಯರು ಹಿಂದೂದೇಶಕ್ಕೆ ಕೊಟ್ಟಿದ್ದ ಹಳೆಯ ಹೆಸರು.

ಇನ್ನು ನದಿಯ ಕಥೆ. 1642 ರಲ್ಲಿ ದಂಗೆಗಾರನಾದ ಲಿ ತ್ಸುಚೆಂಗನ ಸೈನ್ಯವು ನಗರವನ್ನು ಮುತ್ತಿದಾಗ ಏರಿಗಳನ್ನು ಕಡಿಯಲಾಯಿತು. ಕಡಿದವರಾರೆಂಬ ವಿಷಯದಲ್ಲಿ ಒಂದು ಪಕ್ಷದವರು ಇನ್ನೊಂದು ಪಕ್ಷವನ್ನು ದೂರುವರು. ನೀರು ಮಾತ್ರ ಪಕ್ಷವನ್ನು ನೋಡಲಿಲ್ಲ. ಮುತ್ತಿಗೆಯ ಹಸಿವಿನಿಂದಲೂ ರೋಗದಿಂದಲೂ ಪ್ರವಾಹದಿಂದಲೂ ಸತ್ತವರು ಸುಮಾರು ಮೂರು ಲಕ್ಷವೆಂದು ಎಣಿಸಿರುವರು. ಇಪ್ಪತ್ತು ವರ್ಷಗಳ ತನಕ ನಗರವು ಹಾಳುಬಿದ್ದಿದ್ದು, 1662 ರಲ್ಲಿ ಮತ್ತೆ ತಲೆಯೆತ್ತಿತು. 1841 ರಲ್ಲಿ ಪುನಃ ಏರಿಯೊಡೆದು ನೀರು ಕೋಟೆಯ ಗೋಡೆಯನ್ನು ಎಂಟು ತಿಂಗಳು ಸುತ್ತುವರಿದಿತ್ತು. ಅಫೀಮನ್ನು ನಾಶಮಾಡಿಸಿದ್ದಕ್ಕಾಗಿ ಗಡೀಪಾರಾಗಿ ಹೋಗುತ್ತಿದ್ದ ಲಿನ್ ತ್ಸೆಷು ಎಂಬ ಮಹಾಧಿಕಾರಿಯನ್ನು ದಾರಿಯಲ್ಲಿಯೇ ನಿಲ್ಲಿಸಿ ಈ ಒಡಕನ್ನು ಕಟ್ಟುವ ಕೆಲಸಕ್ಕೆ ಹಚ್ಚಿದರು. ಕೆಲಸವು ಮುಗಿದ ಮೇಲೆ ಗಡೀಪಾರಿನ ಶಿಕ್ಷೆಯನ್ನು ಮುಂದುವರಿಸಿದರು. ಅಂದಿನ ಸರ್ಕಾರದ ಕೃತಜ್ಞತೆಯು ಇಷ್ಟು! 1855 ರಲ್ಲಿಯಂತೂ ನದಿಯು ಈಗಿನ ಲಾನ್‌ಕಾವ್ ತಾಲ್ಲೂಕಿನ ತುಂಗ್‌ವಾಷಿಯಾಂಗ್ ಎಂಬಲ್ಲಿ ದಡವನ್ನು ಸೀಳಿ, ದಕ್ಷಿಣದ ಹಾದಿಯನ್ನೇ ಬಿಟ್ಟು, ಉತ್ತರದ ಬೋಹಾಯ್ ಸಮುದ್ರದ ಕಡೆಗೆ ತಿರುಗಿತು.

ಪ್ರತಿಯೊಂದು ಪ್ರವಾಹವೂ ಹೂಳನ್ನು ಬಿಟ್ಟುಹೋದುದರಿಂದ, ಇಂದಿನ ಕೈಫೆಂಗಿನ ಕೆಳಗೆ ಹಿಂದಿನ ಕೈಫೆಂಗುಗಳು ಒಂದರ ಕೆಳಗೊಂದಾಗಿ ಮಲಗಿವೆ. ಆರು ನಗರಗಳ ಪದರಗಳನ್ನು ಪ್ರಾಚ್ಯವಸ್ತು ಸಂಶೋಧಕರು ಗುರುತಿಸಿರುವರು. 1049 ರಲ್ಲಿ ಕಟ್ಟಿದ, ಹದಿಮೂರು ಅಂತಸ್ತುಗಳ, ಸುಮಾರು 180 ಅಡಿ ಎತ್ತರದ ಗೋಪುರವೊಂದು ಎಲ್ಲವನ್ನೂ ಸಹಿಸಿ ನಿಂತಿದೆ. ಮೆರುಗಿನ ಇಟ್ಟಿಗೆಗಳ ಬಣ್ಣದಿಂದಾಗಿ ಅದನ್ನು ಕಬ್ಬಿಣದ ಗೋಪುರವೆನ್ನುವರು. ಅದರ ಪೀಠವೂ ಹೂಳಿನೊಳಗೆ ಹೋಗಿದೆ. 2018 ರಿಂದ ನಡೆದ ಅಗೆತದಲ್ಲಿ ಚೌಚಿಯಾವ್ ಎಂಬ ಪ್ರಸಿದ್ಧ ಸೇತುವೆಯು ಬೀದಿಯ ಕೆಳಗಿನಿಂದ ಹೊರಬಿದ್ದಿತು. ಅದರ ಇಕ್ಕೆಲಗಳ ಕಲ್ಲುಗೋಡೆಗಳಲ್ಲಿ ಸುಂಗ್ ಕಾಲದ ಕಡಲ್ಗುದುರೆಗಳನ್ನೂ ಹಾರುವ ಕೊಕ್ಕರೆಗಳನ್ನೂ ಕೆತ್ತಿರುವುದು ಕಂಡುಬಂದಿತು.

ಈಗಿನ ಆಡಳಿತವನ್ನು ತಿಳಿಯಬೇಕಾದರೆ ಚೀನಾದಲ್ಲಿ ‘ನಗರ’ವೆಂಬ ಮಾತಿನ ಅರ್ಥವನ್ನು ಮೊದಲು ಅರಿಯಬೇಕು. ಕೈಫೆಂಗ್ ನಗರವೆಂದರೆ ಒಂಬತ್ತು ಮೈಲಿ ಸುತ್ತಳತೆಯ ಹಳೆಯ ಕೋಟೆಯೊಳಗಿನ ಊರು ಮಾತ್ರವಲ್ಲ. ನಮ್ಮ ಜಿಲ್ಲೆಯನ್ನು ಹೋಲುವ ಸುಮಾರು 2,400 ಚದರ ಮೈಲಿಗಳ ಸೀಮೆಯೆಲ್ಲವೂ ಅದೇ. 2020 ರ ಜನಗಣತಿಯಲ್ಲಿ ಇದರ ಜನಸಂಖ್ಯೆಯು ಸುಮಾರು 48 ಲಕ್ಷ. ಲುಂಗ್‌ತಿಂಗ್, ಶುನ್‌ಹ, ಗುಲೌ, ಯುವಾಂಗ್‌ತಾಯ್, ಶಿಯಾಂಗ್‌ಫು ಎಂಬ ಐದು ವಿಭಾಗಗಳು ಊರಿಗೆ ಸೇರಿದವು. ಶುನ್‌ಹ ವಿಭಾಗವು ಹೂಯಿ ಮುಸಲ್ಮಾನರ ಹೆಸರಿನಲ್ಲಿದೆ. ಯುವಾಂಗ್‌ತಾಯ್ ಎಂದರೆ ಪ್ರವಾಹಗಳನ್ನು ಪಳಗಿಸಿದನೆಂದು ಪುರಾಣವು ಹೇಳುವ ಯೂ ರಾಜನ ಜಗಲಿ. ಹೊರಗಡೆ ಚಿ, ತುಂಗ್‌ಶು, ವೇಯ್‌ಷಿ, ಲಾನ್‌ಕಾವ್ ಎಂಬ ನಾಲ್ಕು ತಾಲ್ಲೂಕುಗಳು. ಇವುಗಳ ಕೆಳಗೆ ಪೇಟೆ, ಹೋಬಳಿಗಳೂ, ಕೊನೆಗೆ ನಿವಾಸಿಗಳ ಮತ್ತು ಗ್ರಾಮಸ್ಥರ ಸಮಿತಿಗಳೂ ಬರುವುವು. ನಗರದ ಜನಪ್ರತಿನಿಧಿ ಸಭೆಯು ಮೇಯರನ್ನು ಚುನಾಯಿಸುವುದಾದರೂ, ಆತನಿಗಿಂತ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯೇ ಮೇಲು.

1954 ರವರೆಗೆ ಕೈಫೆಂಗ್ ಹೆನಾನ್ ಪ್ರಾಂತ್ಯದ ರಾಜಧಾನಿಯಾಗಿತ್ತು. ಆ ವರ್ಷ ಆ ಪದವಿಯನ್ನು ಪಶ್ಚಿಮಕ್ಕೆ ಸುಮಾರು 45 ಮೈಲಿ ದೂರದಲ್ಲಿರುವ, ಎರಡು ದೊಡ್ಡ ರೈಲುದಾರಿಗಳು ಕೂಡುವ ಚೆಂಗ್‌ಚೌ ನಗರಕ್ಕೆ ಕೊಟ್ಟರು. ಕಚೇರಿಗಳೂ ಅವುಗಳ ಹಿಂದೆ ಹಣವೂ ಹೊರಟುಹೋದವು. ಉಳಿದದ್ದು 1912 ರಲ್ಲಿ ಹಳೆಯ ರಾಜಪರೀಕ್ಷೆಗಳ ಮಂದಿರದ ನಿವೇಶನದಲ್ಲಿ ಆರಂಭವಾದ ವಿದ್ಯಾಲಯ, ಸೇವಂತಿಗೆಯ ತೋಟಗಳು, ರಾತ್ರಿಯ ಸಂತೆಗಳು. ನನ್ನ ಅಭಿಪ್ರಾಯದಲ್ಲಿ ಹಳೆಯ ಕೋಟೆಯೂ ಕಿರಿದಾದ ಬೀದಿಗಳೂ ಇಂದಿಗೂ ಉಳಿದಿರುವುದಕ್ಕೆ ಈ ಬಡತನವೂ ಒಂದು ಕಾರಣ.

ಲಾನ್‌ಕಾವ್ ತಾಲ್ಲೂಕಿನ ಮಾತನ್ನು ಬಿಡಲಾಗದು. ನದಿಯು ಬಿಟ್ಟುಹೋದ ಮರಳು ಅಲ್ಲಿಯ ಪೈರನ್ನೆಲ್ಲ ಮುಚ್ಚುತ್ತಿತ್ತು. 1962 ರಲ್ಲಿ ಅಲ್ಲಿಗೆ ಬಂದ ಚಿಯಾವ್ ಯುಲು ಎಂಬ ಪಕ್ಷಾಧಿಕಾರಿಯು ಮರಳನ್ನು ತಡೆಯಲು ಪೌಲೋನಿಯ ಮರಗಳನ್ನು ನೆಡಿಸುವ ಕಾರ್ಯದಲ್ಲಿ ತೊಡಗಿ, 1964 ರಲ್ಲಿ ಯಕೃತ್ತಿನ ರೋಗದಿಂದ ತೀರಿಕೊಂಡನು. ಆ ಜಾತಿಯ ಮರದ ಹಗುರವಾದ ಹಲಗೆಗಳಿಂದ ಆ ಸೀಮೆಯವರು ಈಗ ತಂತಿವಾದ್ಯಗಳನ್ನು ಮಾಡಿ ಜೀವಿಸುತ್ತಿರುವರು.

ನದಿಯ ಮೇಲ್ವಿಚಾರಣೆಯು ನಗರದ ಕೈಯಲ್ಲಿಲ್ಲ. ಅದು ಕೇಂದ್ರ ಸರ್ಕಾರದ ಜಲಖಾತೆಗೆ ಸೇರಿದ ಹಳದಿ ನದಿಯ ಆಯೋಗಕ್ಕೆ ಸಂದದ್ದು; ಕೈಫೆಂಗಿನಲ್ಲಿ ಅದರ ಶಾಖೆಯಿದೆ. ಮೇಲ್ಭಾಗದಲ್ಲಿ ಕಟ್ಟಿರುವ ಶಿಯಾವ್‌ಲಾಂಗ್‌ತಿ ಅಣೆಕಟ್ಟಿನಿಂದ 2002 ರಲ್ಲಿ ಮೊದಲಬಾರಿಗೆ ನೀರನ್ನು ಒಮ್ಮೆಲೇ ರಭಸವಾಗಿ ಬಿಟ್ಟು ಕೆಳಗಣ ಹೂಳನ್ನು ಸಮುದ್ರಕ್ಕೆ ತಳ್ಳುವ ಪ್ರಯೋಗವನ್ನು ಮಾಡಿದರು. ಅಲ್ಲಿಂದೀಚೆಗೆ ಪಾತ್ರದ ತಳವು ಕೆಲವು ಅಡಿಗಳಷ್ಟು ತಗ್ಗಿದೆ. ಆದರೂ ನಗರದ ನೆಲದ ಮಟ್ಟಕ್ಕೆ ಇಳಿದಿಲ್ಲ. 1997 ರ ಶಾಸನದಂತೆ ಪ್ರವಾಹದಿಂದ ಊರನ್ನು ಕಾಯುವ ಹೊಣೆಯು ಸ್ಥಳೀಯ ಸರ್ಕಾರದ ಮುಖ್ಯಸ್ಥನ ಮೇಲೆಯೇ ಬೀಳುತ್ತದೆ. ಆದಕಾರಣ ಏರಿಯ ಉದ್ದಕ್ಕೂ, ಒಡಕು ಕಂಡೊಡನೆ ಉರುಳಿಸಲು ಸಿದ್ಧವಾಗಿ, ಕಲ್ಲುಗಳನ್ನು ಅಳತೆಗೆ ತಕ್ಕಂತೆ ಜೋಡಿಸಿದ ರಾಶಿಗಳು ಸಾಲಾಗಿ ನಿಂತಿವೆ.