ಒಂದೇ ಗೊರಟಿನ ಮೂರು ಸಸಿಗಳು

ಊರಿನಿಂದ ಬಂದ ಮಾವಿನ ಹಣ್ಣು ತಿಂದು, ಗೊರಟನ್ನು ಕುಂಡದಲ್ಲಿ ಹೂಳದ ಕನ್ನಡಿಗರ ಮನೆ ಈ ಮುಂಬಯಿಯಲ್ಲಿ ವಿರಳವೇ ಸರಿ. ನಾವೂ ಹೂಳಿದವರೇ. ಕಳೆದ ಮಳೆಗಾಲದಲ್ಲಿ ದಕ್ಷಿಣ ಕನ್ನಡದ ನಮ್ಮ ಹಿತ್ತಿಲಿನ ಬಪ್ಪಕಾಯಿ ಮಾವಿನ ಒಂದು ಗೊರಟಿನಿಂದ (ಪಪ್ಪಾಯಿಯಲ್ಲ, ಇದು ಮಾವಿನದೇ ಜಾತಿ) ಮೂರು ಸಸಿಗಳು ಎದ್ದುವು. ಮಕ್ಕಳು ‘ಅವಳಿ ಜವಳಿ’ ಎಂದು ಕುಣಿದರು. ಅಮ್ಮ ಮಾತ್ರ, “ಎರಡನ್ನು ಕಿತ್ತುಬಿಡಿ, ಒಂದಾದರೂ ಗಟ್ಟಿಯಾಗಲಿ” ಎಂದರು. ಯಾವ ಎರಡನ್ನು?

ಸಾಮಾನ್ಯವಾಗಿ ಬೀಜದೊಳಗೆ ಇರುವುದು ಒಂದೇ ಭ್ರೂಣ. ತಾಯಿಯ ಅಂಡ, ತಂದೆಯ ಪರಾಗ ಎರಡೂ ಸೇರಿ ಆದದ್ದು. ಆಪೂಸು ಈ ಬಗೆಯದು. ಅದರ ಗೊರಟು ನೆಟ್ಟರೆ ಅದೇ ಹಣ್ಣು ಬಂದೀತೆಂಬ ಭರವಸೆಯಿಲ್ಲ. ಆದುದರಿಂದಲೇ ಕಸಿ ಕಟ್ಟುವುದು. ಆದರೆ ಬಪ್ಪಕಾಯಿ, ಓಲೂರು ಮುಂತಾದ ಕರಾವಳಿಯ ಮಾವುಗಳಲ್ಲಿ ಭ್ರೂಣದ ಸುತ್ತಲಿರುವ ತಾಯಿಯ ಅಂಗಾಂಶವೇ ಮೊಗ್ಗೊಡೆದು ಬೇರೆ ಭ್ರೂಣಗಳಾಗುತ್ತದೆ. ಅವುಗಳಲ್ಲಿ ತಂದೆಯ ಪಾಲಿಲ್ಲ. ಕಿತ್ತಳೆಯಲ್ಲಿಯೂ ಹೀಗೆಯೇ, ಅದರ ಒಂದೇ ಬೀಜದಲ್ಲಿ ಎರಡು ಸಸಿಗಳನ್ನು ಡಚ್ಚರ ಲೇವನ್‌ಹುಕ್ 1719ರಷ್ಟು ಹಿಂದೆಯೇ ಕಂಡಿದ್ದನು. ನಮ್ಮ ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನಲ್ಲಿದ್ದು ದುಡಿದದ್ದೂ ಈ ಸಸ್ಯಭ್ರೂಣಶಾಸ್ತ್ರದಲ್ಲಿಯೇ.

ಹಾಗಾದರೆ ಇವು ಅವಳಿಗಳೆ? ಒಂದನ್ನೊಂದು ಹೋಲುವುದೇನೋ ನಿಜ, ಆದರೆ ತಾಯಿಯನ್ನೂ ಅಷ್ಟೇ ಹೋಲುತ್ತವೆ. ತಾಯಿಮರವೇ ಮತ್ತೆ ಮೊಳೆಯಿತು ಎನ್ನುವುದು ಹೆಚ್ಚು ಸರಿ. ಮನುಷ್ಯರಲ್ಲಿ ಆಗುವಂತೆ ಫಲಿತ ಭ್ರೂಣವೊಂದೇ ಸೀಳಿ ತದ್ರೂಪಿಗಳಾಗುವುದು ಪೈನ್ ಮರಗಳಲ್ಲಿ ಉಂಟು. ಪಾಪ, ಬೀಜದೊಳಗಿನ ಪೈಪೋಟಿಯಲ್ಲಿ ಸಾಮಾನ್ಯವಾಗಿ ಒಂದೇ ಉಳಿಯುತ್ತದೆ.

ನಮ್ಮ ಮೂರರಲ್ಲಿ ತಂದೆಯ ಪಾಲು ಪಡೆದದ್ದೂ ಒಂದಿರಬಹುದು. ಅದು ಅನೇಕ ವೇಳೆ ಬಡಕಲಾಗಿರುತ್ತದೆ, ಇಲ್ಲವೆ ಒಳಗೇ ಸತ್ತಿರುತ್ತದೆ; ಆದರೆ ಎಳೆಯ ಸಸಿಯನ್ನು ಕಣ್ಣಳತೆಯಲ್ಲಿಯೇ ಇದು ಇಂಥದ್ದೆಂದು ಹೇಳಲಾಗದು.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆವು. ಹಿತ್ತಿಲಿನ ಆ ಮರವನ್ನು ರಸ್ತೆ ಅಗಲಿಸುವುದಕ್ಕಾಗಿ ಕಳೆದ ಬೇಸಿಗೆಯಲ್ಲಿ, ಕೊನೆಯ ಹಣ್ಣು ಇಳಿಸಿದ ಮೇಲೆ, ಕಡಿದಿದ್ದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಯಾವುದನ್ನೂ ಕೀಳಬೇಡಿ” ಎಂದರು.

ಗೊರಟಿನ ತಿರುಳು ಅಂಟಿಕೊಂಡಿದ್ದಂತೆಯೇ ಮೂರನ್ನೂ ಬಿಡಿಸಿ ಮೂರು ಕುಂಡಗಳಲ್ಲಿ ನೆಟ್ಟೆವು. ಬಡಕಲಾದದ್ದು ಅಡಿಗೆಮನೆಯ ಕಿಟಕಿಯಲ್ಲಿದೆ. ಗಟ್ಟಿಯಾದ ಒಂದನ್ನು ಭಾವ ಈ ರಜೆಯಲ್ಲಿ ಊರಿಗೆ ಒಯ್ಯಲಿದ್ದಾರೆ. ಬಾವಿಯ ಆಚೆ ಬದಿಗೆ ಸ್ಥಳ ಗೊತ್ತುಮಾಡಿಯಾಗಿದೆ.